ಗುಂಡನ ಬಟ್ಟಲಿನ ನೀರು

ಬೆನ್ಸನ್ ಟೌನಿನ ಆ ಎರಡನೇ ಮಹಡಿಯ ಮನೆಯಲ್ಲಿ ಮಾನಮ್ಮನಿಗೆ ಒಂದೇ ಕೆಲಸ: ಬೆಳಗ್ಗೆಯಿಂದ ಸಂಜೆ ಆರರವರೆಗೆ ಗುಂಡನನ್ನು ನೋಡಿಕೊಳ್ಳುವುದು. ಗುಂಡ ಎಂದರೆ ನಾಯಿ. ಚಪ್ಪಟೆ ಮೂತಿ, ಕುಳ್ಳ ಕಾಲು, ಸುಮ್ಮನೆ ಕೂತರೂ ಗೊರಗೊರ ಉಸಿರು. ಯಾದಗಿರಿ ಕಡೆಯಿಂದ ಬಂದು ಲಿಂಗರಾಜಪುರದಲ್ಲಿ ಕೋಣೆ ಹಿಡಿದ ಹೆಂಗಸಿಗೆ ಇದೇನು ಮಹಾ ಕಷ್ಟವಲ್ಲ. ಕಷ್ಟವಿದ್ದದ್ದು ಬೀಗದಲ್ಲಿ. ಹಿಂದಿನ ಕೆಲಸದವಳು ಬಾಗಿಲು ತೆರೆದಿಟ್ಟಿದ್ದರಿಂದ ಗುಂಡ ರಸ್ತೆಗೆ ಓಡಿ ಆಟೋಗೆ ಸಿಕ್ಕಿದ್ದನಂತೆ. ಅಂದಿನಿಂದ ಮನೆಯೊಡತಿ ಸುಕನ್ಯ ಆಫೀಸಿಗೆ ಹೊರಟಾಗ ಹೊರಗಿನಿಂದ ಬೀಗ ಜಡಿದು ಚಾವಿಯನ್ನು ಬ್ಯಾಗಿಗೆ ಹಾಕಿಕೊಳ್ಳುತ್ತಾಳೆ. ನಾಯಿ ಓಡೀತೆಂದು ಮನುಷ್ಯಳನ್ನು ಕೂಡಿಹಾಕುವುದು ಯಾವ ಸೀಮೆಯ ನ್ಯಾಯ?

ಏಪ್ರಿಲ್ ತಿಂಗಳ ಆ ದಿನ ಕೆಳಮನೆಯ ಅಜ್ಜ ತೀರಿಕೊಂಡಿದ್ದರು. ಹತ್ತು ಗಂಟೆಗೆ ಹೆಣ ಎತ್ತಿದರು. ಮಾನಮ್ಮನ ಊರಲ್ಲಿ ನೆರೆಯಲ್ಲಿ ಹೆಣ ಎತ್ತಿದ ಮೇಲೆ ತುಂಬಿಟ್ಟ ನೀರನ್ನು ಚೆಲ್ಲಿ ಹೊಸ ನೀರು ಹಿಡಿಯಬೇಕು. ಕೈ ತಾನಾಗಿಯೇ ಓಡಿತು. ಬಕೆಟ್ಟು, ಕುಡಿಯುವ ನೀರಿನ ಕ್ಯಾನು, ಫ್ರಿಜ್ಜಿನ ಬಾಟಲಿ, ಗುಂಡನ ಬಟ್ಟಲು ಎಲ್ಲ ಮೋರಿಗೆ. ಆಮೇಲೆ ನಲ್ಲಿ ತಿರುಗಿಸಿದಳು. ನಲ್ಲಿ ಒಮ್ಮೆ ಕೆಮ್ಮಿ ಸುಮ್ಮನಾಯಿತು.

ಬಾಲ್ಕನಿಗೆ ಬಂದು ಕೂಗಿದಳು. ಕೆಳಗೆ ವಾಚ್‌ಮನ್ ಈರೇಶ, ಅವಳ ಸೀಮೆಯವನೇ, ತಲೆ ಎತ್ತಿದ.

"ನೀರ್ ಯಾಕ ಬರವಲ್ದೋ ಈರೇಶ?"

"ಮೋಟರ್ ಸುಟ್ಟದ ಅಕ್ಕಾ. ರಿಪೇರಿಯಂವ ಸಂಜಿಗಿ ಬರ್ತೀನಂದಾನ."

ಮೇಲೆ ತಾರಸಿ ಕಾದ ಹೆಂಚಾಗಿತ್ತು. ಒಂದು ಗಂಟೆಯ ಹೊತ್ತಿಗೆ ಗುಂಡ ಖಾಲಿ ಬಟ್ಟಲು ನೆಕ್ಕಿದ, ನೆಲ ನೆಕ್ಕಿದ. ನಾಲಗೆ ಜೋತುಬಿತ್ತು, ಜೊಲ್ಲು ಅಂಟಂಟಾಯಿತು. ಕಮೋಡಿನಲ್ಲಿದ್ದದ್ದು ನೀಲಿ ಗುಳಿಗೆ ಕರಗಿದ ನೀರು. ಗುಂಡ ಅತ್ತ ಹೋಗದಂತೆ ಅವಳು ಬಚ್ಚಲಿನ ಬಾಗಿಲು ಹಾಕಿದಳು. ಸುಕನ್ಯಳಿಗೆ ಆರು ಸಲ ಫೋನ್ ಮಾಡಿದಳು. ಏಳನೆಯ ಸಲ, "ಮಾನಮ್ಮ, ಮೀಟಿಂಗಲ್ಲಿದೀನಿ, ಆಮೇಲ್ ಮಾಡ್ತೀನಿ," ಎಂದು ಕಟ್.

ಈರೇಶ ಸಂಪಿನಿಂದ ನೀರು ಸೇದಿ ಮೆಟ್ಟಿಲು ಹತ್ತಿ ಬಂದ. ಬಾಗಿಲಿನಲ್ಲಿ ಇರುವೆ ನುಸುಳುವ ಸಂದೂ ಇಲ್ಲ.

"ಒದ್ದು ಮುರೀಲೇನಕ್ಕಾ?"

"ಮುರಿ, ನಿನ್ ನೌಕರಿನೂ ಮುರ್ಕೊ! ಮಕ್ಕಳಿಗಿ ಗಾಳಿ ತಿನಸ್ತೀಯೇನ್?"

"ಹಂಗಾರ ಬಾಲ್ಕನಿಯಿಂದ ಹಗ್ಗ ಬಿಡು."

"ಬಲಿ ಕಟ್ಟ್ಯಾರಲ್ಲೋ!"

ಪಾರಿವಾಳ ಬಾರದಂತೆ ಕಟ್ಟಿಸಿದ ಬಲೆ. ಅವುಗಳ ಪುಕ್ಕ, ಹಿಕ್ಕೆಯಿಂದ ಸುಕನ್ಯಳಿಗೆ ಉಬ್ಬಸ. ಬಲೆ ಮುಟ್ಟಿದ ದಿನವೇ ಕೆಲಸ ಹೋಯಿತೆಂದು ತಿಳಿ ಎಂದು ಮೊದಲ ದಿನವೇ ಹೇಳಿದ್ದಳು. ಮಾನಮ್ಮ ಚಾಕು ಹಿಡಿದು ಬಲೆಯ ಮುಂದೆ ನಿಂತೇ ಇದ್ದಳು. ಹಿಂದೆ ಧಪ್ಪೆಂದಿತು. ಗುಂಡನ ಹಿಂಗಾಲು ಸೋತು ಅವನು ಪಕ್ಕಕ್ಕೆ ಉರುಳಿದ್ದ.

ಪರಪರ ಬಲೆ ಕೊಯ್ದಳು. ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ಇಳಿಬಿಟ್ಟಳು. ಕೆಳಗಿಳಿದು ಹೋಗಿದ್ದ ಈರೇಶ ಕಟ್ಟಿದ ನೀರಿನ ಬಾಟಲಿ ತೂಗಾಡುತ್ತ ಮೇಲೆ ಬಂತು. ಗುಂಡನ ದವಡೆ ಎತ್ತಿ ಬಾಯಿಗೆ ಸುರಿದಳು. ಅವನು ಉಸಿರುಕಟ್ಟಿ ಕೆಮ್ಮಿದ. ಕೆಮ್ಮು ಕೇಳಿ ಈರೇಶ ಕೆಳಗಿನಿಂದಲೇ ಬೈದ:

"ಏ ಅಕ್ಕಾ, ಅದೇನ್ ಎತ್ತೇನು, ಗೊಟ್ಟ ಹಾಕಿ ಔಷಧ ಹೊಯ್ಲಿಕ್ಕ? ಮೈ ಒದ್ದಿ ಮಾಡು. ತಾನಾ ನೆಕ್ಲಿ!"

ಸೆರಗು ನೆನೆಸಿ ಹೊಟ್ಟೆಗೆ, ಪಾದಗಳಿಗೆ ಒತ್ತಿದಳು. ಬೊಗಸೆಯಲ್ಲಿ ನೀರು ಹಿಡಿದು ಮೂತಿಯ ಹತ್ತಿರ ಇಟ್ಟಳು. ತೋಳು ಜೋಮು ಹಿಡಿಯುವಷ್ಟು ಹೊತ್ತು ಹಿಡಿದಳು. "ಕುಡಿಯೋ ನನ್ನಪ್ಪಾ. ನಂದೇ ತಪ್ಪದ, ಕುಡಿಯೋ." ಕೊನೆಗೆ ಒಣ ನಾಲಗೆ ಅಂಗೈಗೆ ತಾಗಿತು. ಒಂದು ಸಲ. ತುಸು ತಡೆದು ಮತ್ತೊಂದು ಸಲ.

ಎರಡು ಗಂಟೆಗೆ ಸುಕನ್ಯಳ ಫೋನ್. "ಅಷ್ಟೊಂದ್ ಕಾಲ್ ಯಾಕೆ?"

"ನಿಮ್ ಬಲಿ ಕೊಯ್ದೀನ್ರಿ ಮೇಡಂ. ಮನಿಯಾಗ ಹನಿ ನೀರಿದ್ದಿಲ್ರಿ, ಇದ್ದದ್ದು ನಾನೇ ಚೆಲ್ಲಿದ್ದೆ. ಗುಂಡ ಸಾಯ್ಲಿಕತ್ತಿದ್ದ. ಈಗ ಕುಡೀಲಾಕತ್ತಾನ್ರಿ. ಬಂದು ಬಾಗಿಲ ತಗೀರಿ, ಆಮ್ಯಾಲ ಬೈರಿ."

ಸುಕನ್ಯ ಅಂದಳು, "ಅವನನ್ನ ನೋಡ್ಕೋ. ಆರಕ್ಕೆ ಮುಂಚೆ ಬರಕ್ಕಾಗಲ್ಲ."

ಮಾನಮ್ಮ ಬಾಟಲಿಯ ತಳದಲ್ಲಿದ್ದ ಎರಡು ಗುಟುಕನ್ನು ತಾನು ಕುಡಿದಳು. ಬಲೆಯ ತೂತಿನಿಂದ ತಲೆ ಹೊರಹಾಕಿ ಕೂಗಿದಳು:

"ಇನ್ನೊಂದ್ ಬಾಟ್ಲಿ ಕಟ್ಟೋ ಈರೇಶ. ಇನ್ನಾ ನಾಕ್ ತಾಸ್ ಅದ."