ಮಳೆಯ ಸುದ್ದಿಗೆ ಮುಂಚೆ

ಅಫಜಲಪುರದ ನಮ್ಮ ಕಾಕಾನ ಮನೆಯಲ್ಲಿ ರೇಡಿಯೋ ಇತ್ತು. ಜೋಳ, ಕುಸುಬೆಯ ವ್ಯಾಪಾರ ಮಾಡುತ್ತಿದ್ದ ಕಾಕಾ ಅದನ್ನು ಸೊಲ್ಲಾಪುರದಿಂದ ತಂದು ಒಳಕೋಣೆಯ ಗೂಡಿನಲ್ಲಿ ಇಟ್ಟಿದ್ದರು. ಊರಿಗೆ ವಿದ್ಯುತ್ತು ಬಂದಿರಲಿಲ್ಲ, ಅದು ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ನಲವತ್ತೆಂಟರ ಬೇಸಿಗೆಯ ಹೊತ್ತಿಗೆ ಸೊಲ್ಲಾಪುರದ ಸಾಮಾನು ನಮ್ಮ ಹೈದರಾಬಾದ್ ಸಂಸ್ಥಾನಕ್ಕೆ ಬರುವುದು ನಿಂತುಹೋಗಿ ಬ್ಯಾಟರಿ ಸಿಗದಾಯಿತು. ಕಾಕಾ ಒಂದು ಕಟ್ಟಳೆ ಮಾಡಿದರು. ಸಂಜೆ ದಿಲ್ಲಿಯ ಇಂಗ್ಲಿಷ್ ವಾರ್ತೆ ಹಚ್ಚಬೇಕು. ಹಿಂದೂಸ್ತಾನಕ್ಕೆ ಸೇರುವ ಬಗ್ಗೆ ದಿಲ್ಲಿಗೂ ನಮ್ಮ ಸಂಸ್ಥಾನಕ್ಕೂ ನಡೆದಿದ್ದ ಮಾತುಕತೆಯ ಸುದ್ದಿ ಮುಗಿದ ಕೂಡಲೇ ಆರಿಸಬೇಕು.

ಹಚ್ಚುವ, ಆರಿಸುವ ಕೆಲಸ ನನ್ನದು. ಹೈದರಾಬಾದಿನಲ್ಲಿ ಬಿ.ಎ. ಓದುತ್ತಿದ್ದವನು ಗಲಾಟೆಗೆ ಹೆದರಿ ಊರಿಗೆ ಬಂದಿದ್ದೆ. ಬಾಗಿಲು ಹಾಕಿ, ಪೆಟ್ಟಿಗೆಗೆ ಕಿವಿಗೊಟ್ಟು ಕೇಳಿ, ಕಾಕಾನಿಗೆ ಕನ್ನಡದಲ್ಲಿ ಹೇಳಬೇಕು. ದಿಲ್ಲಿಯ ದನಿ ಬೀದಿಗೆ ಕೇಳಿದರೆ ಖಾಕಿಯವರು ಬರುತ್ತಿದ್ದರು. ಖಾಕಿಯವರೆಂದರೆ ಸಂಸ್ಥಾನದ ಪರವಾಗಿ ಬಂದೂಕು, ಭರ್ಚಿ ಹಿಡಿದು ಊರೂರು ತಿರುಗುತ್ತಿದ್ದ ಪಡೆ. ಸಂಸ್ಥಾನದ್ದೂ ಒಂದು ರೇಡಿಯೋ ಇತ್ತು. ಅದನ್ನು ಎಷ್ಟು ದೊಡ್ಡ ದನಿಯಲ್ಲಾದರೂ ಹಚ್ಚಬಹುದಿತ್ತು. ಎಲ್ಲ ಜಿಲ್ಲೆಗಳಲ್ಲೂ ಶಾಂತಿ ಇದೆ ಎಂದು ಅದು ದಿನಾ ಸಂಜೆ ಹೇಳುತ್ತಿತ್ತು.

ಅಕ್ಕ ಬಂದದ್ದು ಆ ಶಾಂತಿಯೊಳಗಿಂದಲೇ. ಮಾದನಹಿಪ್ಪರಗಾದಲ್ಲಿ ಆಕೆಯ ಗಂಡ ಹಿಂದೂಸ್ತಾನದ ಧ್ವಜ ಏರಿಸಿದ್ದರೆಂದು ಖಾಕಿಯವರು ಅವರ ಬಣವೆಗಳಿಗೆ ಬೆಂಕಿ ಇಟ್ಟಿದ್ದರು. ಭಾವ ತಪ್ಪಿಸಿಕೊಂಡು ಭೀಮಾ ದಾಟಿ ಆಚೆಯ ಹೋರಾಟಗಾರರ ಶಿಬಿರ ಸೇರಿದರು. ಹೊಳೆಯಾಚೆ ಮುಂಬೈ ಪ್ರಾಂತ. ಅಲ್ಲಿ ಸ್ವಾತಂತ್ರ್ಯ ಬಂದು ವರ್ಷವಾಗುತ್ತ ಬಂದಿತ್ತು. ಗಂಡ ಸಿಗದಿದ್ದರೆ ಹೆಂಡತಿಯನ್ನು ಎಳೆದೊಯ್ಯುತ್ತೇವೆ ಎಂದು ಖಾಕಿಯವರು ಹೇಳಿಹೋಗಿದ್ದರಂತೆ. ಅಕ್ಕ ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದಳು. ಅವರಿಬ್ಬರನ್ನೂ ಹೊಳೆ ದಾಟಿಸುವುದು ನಮ್ಮ ಹೊಣೆ. ಹೊಳೆ ಇಳಿದಿತ್ತು, ಬಂಡಿ ದಾಟುವಷ್ಟೇ ನೀರು. ದಿನಾ ಮುಂಜಾನೆ ಆಚೆ ದಂಡೆಯಲ್ಲಿ ಕಾಯುತ್ತೇನೆ ಎಂದು ಭಾವ ಹೇಳಿಕಳಿಸಿದ್ದರು.

"ಇವತ್ತೇ ಬಂಡಿ ಕಟ್ಟಸ್ರಿ ಕಾಕಾ," ಅಂದಳು ಅಕ್ಕ.

"ಹುಚ್ಚಿ, ದಿಲ್ಲ್ಯಾಗ ಮಾತುಕತಿ ನಡದಾವ. ಇವತ್ತ ನಾಳಿ ಒಪ್ಪಂದ ಆದ್ರ ನಿನ್ನ ಗಂಡನೇ ಈ ಕಡಿ ಬರ್ತಾನ. ನೀ ಯಾಕ ಓಡತಿ ಬೇ?"

"ನಮ್ಮ ಬಣವಿಗಿ ಬೆಂಕಿ ಇಟ್ಟಾವ್ರು ರೇಡಿಯೋ ಕೇಳಿ ಇಟ್ಟಾರೇನ್ರಿ? ಒಪ್ಪಂದ ಆದ್ರ ಬಂದು ಆರಸ್ತಾರೇನು?"

ಕಾಕಾ ನಕ್ಕುಬಿಟ್ಟರು. ಅಕ್ಕ ನಗಲಿಲ್ಲ, ನನ್ನ ಕಡೆ ತಿರುಗಿದಳು. "ಕಾಲೇಜ್ ಕಲ್ತಾಂವ ನೀ. ಇಂಗ್ಲಿಷ್ ತಿಳೀತದ. ನೀ ಹೇಳಲೇ, ನಾ ಕೇಳ್ತೇನಿ."

"ಎರಡು ದಿನ ನೋಡೂಣಕ್ಕ," ಅಂದೆ.

ಮೊದಲ ಸಂಜೆ, ಮಾತುಕತೆ ಮುಂದುವರಿದಿದೆ ಎಂದಿತು ದಿಲ್ಲಿ. ಆರಿಸಿದೆ. ಎರಡನೆಯ ಸಂಜೆ, ಮಾತುಕತೆ ಮುರಿಯಿತು ಎಂದಿತು. ಕಾಕಾ ಹಣೆ ಬಡಿದುಕೊಂಡರು. ಅಕ್ಕ ಆಗ ಅಡಿಗೆಮನೆಯಲ್ಲಿ ಕಟಕರೊಟ್ಟಿ ಬಡಿಯುತ್ತಿದ್ದಳು. ಅವಳ ಮಗಳು ನನ್ನ ತೊಡೆಯ ಮೇಲೆ ಕೂತು ಪೆಟ್ಟಿಗೆಯನ್ನೇ ನೋಡುತ್ತಿದ್ದಳು. ವಾರ್ತೆಯವನು ಒಂದು ಕ್ಷಣ ಬಿಟ್ಟು, ಪಶ್ಚಿಮದ ಘಟ್ಟಗಳಲ್ಲಿ ಎಂದು ಶುರುಮಾಡಿದ. ನನ್ನ ಕೈ ಆಗಲೇ ತಿರುಪಿನ ಮೇಲಿತ್ತು.

"ಮಾಮಾ, ಅಂವ ಇನ್ನಾ ಮಾತಾಡಾಕತ್ತಾನ."

"ಮಳಿ ಸುದ್ದಿ ಅವ್ವಾ ಅದು."

"ಮಳಿ ನೋಡಾಕ ಬ್ಯಾಟರಿ ಬೇಕೇನು?" ಅಂದರು ಕಾಕಾ. "ಅಂಗಳಕ್ಕ ಹೋಗಿ ಮ್ಯಾಲ ನೋಡಂದ್ರ ಆತು. ಆರಸೋ."

ಆರಿಸಿದೆ. ಅಂಗಳದಲ್ಲಿ ನಿಂತು ಮೇಲೆ ನೋಡಿದರೆ ಒಂದು ತುಣುಕು ಮೋಡ ಇರಲಿಲ್ಲ.

ಮರುದಿನ ಮುಂಜಾನೆ ಬಂಡಿಯಲ್ಲಿ ಅಕ್ಕನನ್ನೂ ಮಗುವನ್ನೂ ಮಲಗಿಸಿ ಮೇಲೆ ಜೋಳದ ಒಣ ದಂಟಿನ ಕಣಕಿ ಹೇರಿದೆವು. ನಾನು ರುಮಾಲು ಸುತ್ತಿಕೊಂಡು ಎತ್ತು ಹೊಡೆದೆ. ಊರು ದಾಟುವಲ್ಲಿ ಇಬ್ಬರು ಖಾಕಿಯವರು ಕೈ ಅಡ್ಡ ಹಿಡಿದರು.

"ಕ್ಯಾ ಹೈ ರೇ ಇಸ್ಮೆ?"

"ಕಣಕಿರೀ ಸಾಹೇಬ್ರ. ಹೊಲದಾಗ ಮನಿ ಅದ, ದನಕ್ಕ ಹಾಕಾಕ."

ಒಬ್ಬ ಭರ್ಚಿಯಿಂದ ಕಣಕಿಯನ್ನು ಎರಡು ಸಲ ಇರಿದ. ಎರಡನೆಯ ಸಲ ಭರ್ಚಿ ಒಳಗೆ ಹೋಗಿ ಹಲಗೆಗೆ ಬಡಿದ ಸದ್ದು ಇವತ್ತಿಗೂ ಕೇಳುತ್ತದೆ. ಊಟಕ್ಕೆ ಕೂತಾಗ, ಬಸ್ಸಿನಲ್ಲಿ, ಪಾಠ ಹೇಳುವಾಗ ನಡುವೆ ಕೇಳಿ ಮಾತು ಮರೆತದ್ದಿದೆ. ಬಂಡಿಯಿಂದ ಕೂಗು ಬರಲಿಲ್ಲ. ಹೋಗು ಎಂದರು.

ಹೊಳೆ ಮುಟ್ಟಿದಾಗ ಅದು ನಾವು ಬಲ್ಲ ಹೊಳೆಯಾಗಿರಲಿಲ್ಲ. ಕೆಂಪು ನೀರು ದಂಡೆಯಿಂದ ದಂಡೆಗೆ, ಮೇಲೆ ನೊರೆ, ಮುರಿದ ಟೊಂಗೆ. ನಮ್ಮ ನೆಲದ ಮೇಲೆ ಒಂದು ಹನಿ ಬಿದ್ದಿರಲಿಲ್ಲ. ಎತ್ತುಗಳು ನೀರಿನ ಅಂಚಿಗೆ ಬಂದು ಹಿಂದೆ ಸರಿದವು. ಆಚೆ ದಂಡೆಯಲ್ಲಿ ಭಾವ ನಿಂತಿದ್ದರು. ಮೊದಲು ಎರಡೂ ಕೈ ಅಡ್ಡ ಬೀಸಿ ಇಳಿಯಬೇಡಿ ಎಂದರು. ಆಮೇಲೆ ನೋಡುತ್ತಿದ್ದ ಹಾಗೆ ಒಣ ಸೋರೆ ಬುರುಡೆಗಳನ್ನು ಸೊಂಟಕ್ಕೆ ಕಟ್ಟಿಕೊಂಡು ತಾವೇ ಇಳಿದರು. ನಮ್ಮ ಕಡೆಯ ಜನ ಈಜುವುದು ಹಾಗೆಯೇ. ಒಬ್ಬೊಬ್ಬರನ್ನಾಗಿ ಬುರುಡೆಯ ಮೇಲೆ ದಾಟಿಸಬೇಕೆಂದು ಬಂದಿರಬೇಕು.

ಅಕ್ಕ ಕಣಕಿ ಸರಿಸಿ ಕೆಳಗಿಳಿದಿದ್ದಳು. ಸರಿಯಾಗಿ ನಡುಹೊಳೆಯಲ್ಲಿ ಒಂದು ಬೇರುಸಹಿತ ಮರ ತಿರುಗುತ್ತ ಬಂತು. ಭಾವನ ತಲೆ ಮರದ ಈಚೆ ಒಮ್ಮೆ ಕಂಡಿತು, ಕೆಳಗೆ ದೂರದಲ್ಲಿ ಇನ್ನೊಮ್ಮೆ. ಆಮೇಲೆ ಬುರುಡೆಗಳಷ್ಟೇ ತೇಲಿದವು.

ಕೂಗುವಂತಿರಲಿಲ್ಲ. ಹಿಂದಿನ ದಿಬ್ಬದ ಮೇಲೆ ಖಾಕಿಯವರ ಠಾಣೆ. ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ನಾನು ಮಗುವಿನ ಮುಖವನ್ನು ನನ್ನ ಹೊಟ್ಟೆಗೆ ಒತ್ತಿ ಹಿಡಿದಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಅವರಿಬ್ಬರನ್ನೂ ಮತ್ತೆ ಕಣಕಿಯ ಕೆಳಗೆ ಮಲಗಿಸಿ, ಅದೇ ದಾರಿಯಲ್ಲಿ, ಅದೇ ಭರ್ಚಿಯ ಮುಂದೆ ಬಂಡಿ ಹೊಡೆದುಕೊಂಡು ಬಂದೆ. ಅವರು ತಂಬಾಕು ತಿಕ್ಕುತ್ತ ಕೂತಿದ್ದರು, ಏಳಲಿಲ್ಲ. ಅಂದು ಸಂಜೆಯೂ ಸಂಸ್ಥಾನದ ರೇಡಿಯೋ ಶಾಂತಿ ಇದೆ ಎಂದಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಹಿಂದೂಸ್ತಾನದ ಸೈನ್ಯ ಬಂತು, ಖಾಕಿಯವರು ಮಾಯವಾದರು, ಬಜಾರಿನಲ್ಲಿ ಜನ ಸಕ್ಕರೆ ಹಂಚಿದರು. ಅಲ್ಲಿಯವರೆಗೆ ಅಕ್ಕನನ್ನು ಗೊಬ್ಬೂರಿನ ನೆಂಟರಲ್ಲಿ ಅಡಗಿಸಿ ಇಟ್ಟಿದ್ದೆವು. ಭಾವನ ಜೊತೆ ಶಿಬಿರದಲ್ಲಿದ್ದ ಒಬ್ಬರು ಅವರ ಕೋಟು ತಲುಪಿಸಲು ಬಂದರು. ಅಂಗಳದಲ್ಲಿ ನಾನೊಬ್ಬನೇ ಇದ್ದೆ.

"ಶಿಬಿರದಾಗ ರೇಡಿಯೋ ಇತ್ತರಿ," ಅಂದರು. "ಘಟ್ಟದಾಗ ಮಳಿ ಸುರ್ಯಾಕತ್ತದ, ಹೊಳಿ ಬರ್ತದ ಅಂತ ಎರಡು ದಿನ ಹೇಳೇ ಹೇಳಿದ್ರು. ಅದಕ್ಕಾ ಅವರಿಗಿ ಜೀವ ನಿಲ್ಲಲಿಲ್ಲ. ಇನ್ನಾ ನೀರು ಏರಿದ್ರ ತಿಂಗಳಗಟ್ಟಲೆ ಹೆಂಡ್ತಿ ಮಕ್ಕಳು ಆ ಕಡೀನೇ ಅಂದ್ರು. ನಿಮ್ಮಲ್ಲಿ ಕೇಳಿದ್ದಿಲ್ಲೇನ್ರಿ?"

ನಾನು ಕೋಟು ಇಸಿದುಕೊಂಡೆ.

ಮುಂದೆ ಜೇವರ್ಗಿಯ ಶಾಲೆಯಲ್ಲಿ ಮೇಷ್ಟ್ರಾದೆ. ಅಕ್ಕ ನನ್ನ ಮನೆಯಲ್ಲೇ ಉಳಿದಳು. ಕನ್ನಡದಲ್ಲೇ ವಾರ್ತೆ ಬಂತು, ರೈತರಿಗೆ ಬೇರೆ ಕಾರ್ಯಕ್ರಮ ಬಂತು, ಇಂಥ ಹೊಳೆಗೆ ಇಷ್ಟು ನೀರು ಬಿಟ್ಟಿದ್ದಾರೆ, ದಂಡೆಯವರು ಎಚ್ಚರ ಎಂದು ಹೆಸರು ಹಿಡಿದು ಹೇಳುವ ಕಾಲ ಬಂತು. ಈಗ ಟಿ.ವಿ. ಇದೆ, ಎಷ್ಟೋ ಚಾನೆಲ್ಲು, ಎಲ್ಲದರಲ್ಲೂ ಮಾತುಕತೆ. ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಸರ್ಕಾರದ ರೇಡಿಯೋ ಯಾರಿಗೆ ಬೇಕು, ಮುಚ್ಚಿಬಿಡಲಿ ಎನ್ನುತ್ತಾರೆ ನನ್ನ ಜೊತೆ ನಿವೃತ್ತರಾದವರು. ನಾನು ವಾದ ಮಾಡುವುದಿಲ್ಲ.

ಅಕ್ಕ ಬದುಕಿದ್ದಷ್ಟು ದಿನ, ನಾನು ರೇಡಿಯೋ ಹಚ್ಚಿದ ಕೂಡಲೇ ಎದ್ದು ಹೊರಗೆ ಹೋಗುತ್ತಿದ್ದಳು. ಸಾಯುವ ವರ್ಷ ಒಮ್ಮೆ ಹೊಸ್ತಿಲಲ್ಲಿ ನಿಂತಳು. ಒಳಗೆ ಮಳೆಯ ಸುದ್ದಿ ಬರುತ್ತಿತ್ತು.

"ತಮ್ಮಾ, ಆ ಕಾಲಕ್ಕ ಇದನ್ನ ಹೇಳ್ತಿದ್ದಿಲ್ಲೇನೋ?"

ನಲವತ್ತು ವರ್ಷಕ್ಕೂ ಹೆಚ್ಚು ಕಳೆದ ಮೇಲೆ ಕೇಳಿದ್ದಳು. ಕಾಕಾ ಸತ್ತಿದ್ದರು. ಅವಳ ಮಗಳಿಗೆ ಆ ಸಂಜೆ ನೆನಪಿರಲಿಲ್ಲ. ನನ್ನ ಕೈ ತಿರುಪಿನ ಮೇಲಿತ್ತು.

"ಇಲ್ಲಕ್ಕ," ಅಂದೆ.

"ದೊಡ್ಡವರ ಸುದ್ದಿ ಅಷ್ಟೇ ಹೇಳ್ತಿತ್ತು ಹಂಗಾದ್ರ," ಅಂದು ಅಕ್ಕ ಹೊರಗೆ ಹೋದಳು.