ಮಧ್ಯಾಹ್ನಕ್ಕೆ ಮಾಯವಾಗುವ ಜಾಹೀರಾತು

ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿದ್ದ ಒಂದು ಸೀರೆ ಅಂಗಡಿಯ ಸಾಹುಕಾರರಿಗೆ ಇಂಟರ್‌ನೆಟ್ಟಿನಲ್ಲಿ ಜಾಹೀರಾತು ಹಾಕಿಕೊಟ್ಟವನು ನಾನೇ. ಅದನ್ನು ಯಾರು ಒತ್ತಿದರೂ ಸಾಹುಕಾರರ ರೊಕ್ಕ ಖರ್ಚಾಗುತ್ತಿತ್ತು. ದಿನಕ್ಕಿಟ್ಟ ರೊಕ್ಕ ಮುಗಿದರೆ ಜಾಹೀರಾತು ಮಾಯ.

ದಿನಾ ಬೆಳಿಗ್ಗೆ ಅವರು ಗಲ್ಲಾಪೆಟ್ಟಿಗೆಗೆ ಊದುಬತ್ತಿ ಬೆಳಗಿ, ಕಂಪ್ಯೂಟರಿಗೂ ಬೆಳಗಿ, ‘ಸೀರೆ’ ಎಂದು ಹುಡುಕುತ್ತಿದ್ದರು. ತಮ್ಮ ಅಂಗಡಿಯ ಹೆಸರು ಕಂಡೊಡನೆ “ಬಂತ ನೋಡ್ರಿ!” ಎಂದು ಒತ್ತುತ್ತಿದ್ದರು. ಆದರೆ ಜಾಹೀರಾತು ಮಧ್ಯಾಹ್ನದೊಳಗೇ ಕಾಣೆಯಾಗುತ್ತಿತ್ತು. ಹೊಸ ಗಿರಾಕಿ ಒಬ್ಬರೂ ಬರಲಿಲ್ಲ.

“ಸಾವಕಾರ್ರ, ನೀವು ಒತ್ತಿದ್ರೂ ನಿಮ್ಮ ರೊಕ್ಕಾನೇ ಹೋಗ್ತದ್ರಿ,” ಎಂದೆ ಒಂದು ದಿನ.

ಅವರ ಮುಖ ಸಣ್ಣದಾಯಿತು. “ಕಮಲಾಪುರದಾಗ ನಮ್ಮಕ್ಕನ ಮನಿಮಂದಿ ಎಲ್ಲಾರೂ ದಿನಾ ಒತ್ತಾಕತ್ತಾರಲ್ರಿ! ಅಂಗಡಿಗೆ ಛಲೋ ಆಗ್ತದಂತ ನಾನೇ ಹೇಳೀನಿ.”

ತಕ್ಷಣ ಫೋನು ಎತ್ತಿದರು. “ಅಕ್ಕಾ, ನಾಳಿಂದ ಯಾರೂ ಒತ್ತಬ್ಯಾಡ್ರಿ. ದೂರದಿಂದ ಕೈ ಮುಗೀರಿ, ಸಾಕು.”