ಒಸಿ ಜಾಸ್ತಿ

ಹಾಸನದ ಕಡೆ ಉಗಿ ಇಂಜಿನ್ನುಗಳು ನಿಂತುಹೋದ ಮೇಲೆ, ನಾವೊಂದಿಷ್ಟು ರೈಲುಹುಚ್ಚರು ಸೇರಿ ಹೊಸದಾಗಿಯೇ ಒಂದನ್ನು ಕಟ್ಟಲು ಹೊರಟೆವು. ಚಕ್ರ ಎರೆಯಲು ಅದೇ ಆಕಾರದ ಮರದ ಅಚ್ಚು ಮಾಡಿಕೊಟ್ಟವರು ದುದ್ದ ಎಂಬ ಊರಿನ ಒಬ್ಬ ಬಡಗಿ. ಆ ಅಚ್ಚನ್ನು ಮರಳಿನಲ್ಲಿ ಒತ್ತಿ, ಮೂಡಿದ ಗುಳಿಯೊಳಗೆ ಕರಗಿದ ಕಬ್ಬಿಣ ಹೊಯ್ಯಬೇಕು.

ಗಿಡ್ಡ ಆಸಾಮಿ. ಕಣ್ಣು ಮುಚ್ಚಿಕೊಂಡು ಹೆಬ್ಬೆರಳಿನಿಂದ ಮರ ಸವರುತ್ತಿದ್ದರು. ಅಚ್ಚನ್ನು ಮಾತ್ರ ಅಳತೆಗಿಂತ ತುಸು ದೊಡ್ಡದಾಗಿಯೇ ಮಾಡುತ್ತಿದ್ದರು. “ಕಬ್ಣ ತಣ್ಣಗಾದ್ರೆ ಕುಗ್ತದೆ ಸಾ, ಒಸಿ ಜಾಸ್ತಿ ಇರ್ಲಿ.” ಮುದ್ದೆ ಬಡಿಸುವ ಹೆಂಡತಿಗೂ ಅದೇ ಮಾತು: “ತಣ್ಣಗಾದ್ರೆ ಕುಗ್ತದೆ ಕಣಮ್ಮಿ, ಒಸಿ ಜಾಸ್ತಿ ಇರ್ಲಿ.”

ಇಂಜಿನ್ನು ಮೊದಲ ಸಲ ಹೊಗೆಯುಗುಳಿ ಮುಂದೆ ಸರಿದ ದಿನ ನಾವೆಲ್ಲ ಕುಣಿದಾಡಿದೆವು. ಅವರು ಚಕ್ರದ ಆ ಮರದ ಅಚ್ಚನ್ನು ಮಗ್ಗುಲಿಗೆ ನಿಲ್ಲಿಸಿಕೊಂಡು ದೂರದಲ್ಲಿ ಕೂತಿದ್ದರು.

“ಇನ್ನು ಇದ್ಯಾಕೆ?” ಎಂದೆ.

“ಆ ಚಕ್ರ ಸವ್ದೋದ್ಮೇಲೆ ಅದ್ರ ಅಳ್ತೇನೇ ತಕ್ಕಂಡ್ರೆ ಮುಂದಿಂದು ಚಿಕ್ದಾಯ್ತದೆ ಸಾ. ಇದಿದ್ರೆ ಸರಿಯಾಗಿ ಹುಟ್ತದೆ.”

ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು. ಅಂದು ಜೊತೆಗಿದ್ದ ಗೆಳೆಯನೊಬ್ಬ ಇದನ್ನು ಓದಿ, “ಅವ್ರು ನೀನು ಬರ್ದಷ್ಟು ದೊಡ್ಡೋರೇನಲ್ಲ ಬಿಡು” ಎಂದ.

ಇರಬಹುದು. ನೆನಪೂ ತಣ್ಣಗಾಗುತ್ತದಲ್ಲ, ಒಸಿ ಜಾಸ್ತಿ ಇರಲಿ ಎಂದೆ.